ಎ.ಸಿ. ಕೋಡ್ 23: ಸೆನ್ಸರ್ ತರುವ ಮೊದಲು ಗೇಜ್ ಹಾಕಿ

ಕಾರಿಗೆ ದೋಷದ ಕೋಡ್ ಓದುವ ಬ್ಲೂಟೂತ್ ಡಾಂಗಲ್ ಚುಚ್ಚಿ, "ಕೋಡ್ ಏನೂ ತೋರಿಸ್ತಿಲ್ಲ, ಆದ್ರೂ ಎ.ಸಿ. ತಣ್ಣಗೆ ಬರ್ತಿಲ್ಲ" ಅನ್ನುವವರು ಬಹಳ. ಅಗ್ಗದ ಡಾಂಗಲ್‌ಗಳು ಸಾಮಾನ್ಯವಾಗಿ ಪಿ ಅಕ್ಷರದಿಂದ ಶುರುವಾಗುವ ಎಂಜಿನ್ನಿನ ಕೋಡ್‌ಗಳನ್ನಷ್ಟೇ ಓದುತ್ತವೆ. ಎ.ಸಿ.ಯದು ಬಿ ಕೋಡ್, ಅದು ಬೇರೆ ಕಂಪ್ಯೂಟರಿನಲ್ಲಿ ಇರುತ್ತದೆ. ಆಟೋ ಕ್ಲೈಮೇಟ್ (ತಾಪವನ್ನು ತಾನೇ ಹೊಂದಿಸುವ ಎ.ಸಿ.) ಇರುವ ಟೊಯೊಟಾಗಳಲ್ಲಿ, ಅದರಲ್ಲೂ ಹಳೆಯ ಕೊರೊಲ್ಲಾ, ಕ್ಯಾಮ್ರಿಗಳಲ್ಲಿ, ಇದನ್ನು ನೋಡಲು ಸ್ಕ್ಯಾನರ್ರೇ ಬೇಡ.

ಇಗ್ನಿಷನ್ ಆಫ್ ಇರಲಿ. ಆಟೋ ಬಟನ್, ರೀಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ತಿರುಗಿಸುವ) ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಕೀ ಆನ್ ಮಾಡಿ. ಪ್ಯಾನೆಲ್ಲಿನ ದೀಪಗಳೆಲ್ಲ 4 ಸಲ ಮಿನುಗಿ, ಆಮೇಲೆ ಸಂಖ್ಯೆ ಬರುತ್ತದೆ. 00 ಅಂದರೆ ದೋಷವಿಲ್ಲ. 11 ಒಳಗಿನ ತಾಪದ ಸೆನ್ಸರ್, 12 ಹೊರಗಿನದು, 13 ಎವಾಪರೇಟರಿನದು (ಒಳಗೆ ಬರುವ ಗಾಳಿಯನ್ನು ತಣಿಸುವ ಭಾಗ), 21 ಬಿಸಿಲಿನದು. ಕತ್ತಲ ಶೆಡ್ಡಿನಲ್ಲಿ ನೋಡಿದರೆ 21 ಸುಮ್ಮಸುಮ್ಮನೆ ಬರುತ್ತದೆ. ಗಾಡಿಯನ್ನು ಬಿಸಿಲಿಗೆ ತಂದು ಇನ್ನೊಮ್ಮೆ ನೋಡಿ.

ತಲೆ ತಿನ್ನುವುದು 23, ಸ್ಕ್ಯಾನರ್‌ನಲ್ಲಿ ಬಿ1423. ಹೆಸರು "ಪ್ರೆಷರ್ ಸೆನ್ಸರ್ ಸರ್ಕ್ಯೂಟ್". ಹೆಸರು ಓದಿದ ಕೂಡಲೇ ಸೆನ್ಸರ್ ಆರ್ಡರ್ ಮಾಡುವುದು ದುಡ್ಡು ದಂಡ. ವೈರ್ ಕಟ್ಟಾದರೂ ಶಾರ್ಟ್ ಆದರೂ ಈ ಕೋಡ್ ಬರುತ್ತದೆ. ಎ.ಸಿ. ಗ್ಯಾಸಿನ ಒತ್ತಡ ಸುಮಾರು 2 ಬಾರ್‌ಗಿಂತ ಇಳಿದರೂ, 31 ಬಾರ್ ದಾಟಿದರೂ ಇದೇ ಬರುತ್ತದೆ. ಗ್ಯಾಸ್ ಖಾಲಿಯಾದಾಗ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ, ಬೈಗುಳ ಮಾತ್ರ ಅದಕ್ಕೇ.

ಹಾಗಾಗಿ ಮೊದಲ ಕೆಲಸ ಗೇಜ್, ಅಂದರೆ ಗ್ಯಾಸಿನ ಒತ್ತಡ ಅಳೆಯುವ ಮೀಟರ್. ಎಂಜಿನ್ ಪೂರ್ತಿ ತಣಿದಿರಲಿ. ಆರ್134ಎ ಗ್ಯಾಸಿನ ಗಾಡಿಯಲ್ಲಿ 30 ಡಿಗ್ರಿ ಹವೆಗೆ ನಿಂತ ಒತ್ತಡ (ಎ.ಸಿ. ಓಡದಾಗಿನದು) ಹೈ, ಲೋ ಎರಡೂ ಕಡೆ ಸುಮಾರು 97 ಪಿಎಸ್‌ಐ (6.7 ಬಾರ್), 25 ಡಿಗ್ರಿಗೆ 82ರ ಆಸುಪಾಸು ಇರಬೇಕು. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಗ್ಯಾಸ್ ಸೋರಿದೆ. ಆದರೆ 97 ಬಂತು ಅಂತ ಗ್ಯಾಸ್ ಸರಿಯಾಗಿದೆ ಅಂದುಕೊಳ್ಳಬೇಡಿ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಒತ್ತಡ ಅಷ್ಟೇ ತೋರಿಸುತ್ತದೆ; ಅರ್ಧ ಗ್ಯಾಸ್ ಹೋದ ಗಾಡಿಗೂ ತುಂಬಿದ ಗಾಡಿಗೂ ಗೇಜಿನಲ್ಲಿ ವ್ಯತ್ಯಾಸ ಕಾಣದು. ಎಷ್ಟಿದೆ ಅಂತ ತಿಳಿಯಬೇಕಾದರೆ ರಿಕವರಿ ಮೆಷಿನ್ನಿನಲ್ಲಿ ಹೊರತೆಗೆದು ತೂಕ ಹಾಕಬೇಕು, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿರುವ ಗ್ರಾಮಿನಷ್ಟೇ ತುಂಬಬೇಕು. "ಸ್ವಲ್ಪ ಟಾಪ್‌ಅಪ್ ಹಾಕ್ತೀನಿ ಸಾರ್" ಅನ್ನುವ ಅಂದಾಜಿನ ಕೆಲಸ ನನಗೆ ಆಗಿಬರದು.

ಸೋರಿದ್ದಾದರೆ ಎಲ್ಲಿ ಅಂತ ಹುಡುಕದೆ ತುಂಬಿಸಬೇಡಿ. ಗ್ಯಾಸ್ ಜೊತೆ ಎಣ್ಣೆಯೂ ಹೊರಬರುವುದರಿಂದ ಆ ಜಾಗದಲ್ಲಿ ಧೂಳು ಮೆತ್ತಿ ಕಪ್ಪಾಗಿ ಜಿಡ್ಡು ಹಿಡಿದಿರುತ್ತದೆ. ಕಂಡೆನ್ಸರಿನ (ರೇಡಿಯೇಟರ್ ಮುಂದಿನ, ಗ್ಯಾಸಿನ ಬಿಸಿ ಹೊರಬಿಡುವ ಜಾಲರಿ) ಮುಂಭಾಗ, ಪೈಪ್ ಜಾಯಿಂಟಿನ ಓ-ರಿಂಗ್ (ರಬ್ಬರ್ ಸೀಲ್), ಸರ್ವಿಸ್ ಪೋರ್ಟಿನ (ಗ್ಯಾಸ್ ತುಂಬುವ ಬಾಯಿ) ವಾಲ್ವ್, ಇವು ಮೊದಲು. ವಾಲ್ವಿನ ಮೇಲೆ ಸೋಪು ನೀರು ಬಿಟ್ಟರೆ ಗುಳ್ಳೆಯೇ ಹೇಳಿಬಿಡುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ದ್ರವ ಗ್ಯಾಸ್ ಚರ್ಮಕ್ಕೆ ತಗುಲಿದರೆ ಮರಗಟ್ಟಿಸುತ್ತದೆ.

ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಎ.ಸಿ. ಕೈಕೊಟ್ಟು ಹೈವೇಯಲ್ಲಿ ಸರಿಹೋದರೆ ಒತ್ತಡ ಮೇಲೇರುತ್ತಿದೆ: ಫ್ಯಾನ್ ತಿರುಗುತ್ತಿದೆಯಾ, ಕಂಡೆನ್ಸರ್ ಕೆಸರು ಕಟ್ಟಿದೆಯಾ, ಯಾರಾದರೂ ಗ್ಯಾಸ್ ಜಾಸ್ತಿ ತುಂಬಿದ್ದಾರಾ ನೋಡಿ.

ಒತ್ತಡ ಸರಿಯಿದ್ದೂ 23 ಬರುತ್ತಿದ್ದರೆ ಆಗ ಮಲ್ಟಿಮೀಟರ್. ಸೆನ್ಸರ್‌ಗೆ ಮೂರು ವೈರ್: 5 ವೋಲ್ಟ್, ಅರ್ತ್, ಸಿಗ್ನಲ್. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ ಅರ್ತ್‌ಗೂ ಪವರ್ ಪಿನ್ನಿಗೂ ಅಳೆಯಿರಿ. 5 ವೋಲ್ಟ್ ಇಲ್ಲವೆಂದರೆ ತಪ್ಪು ವೈರಿನಲ್ಲೋ ಕಂಪ್ಯೂಟರಿನಲ್ಲೋ. ಪಿನ್ನಿನ ಹಸಿರು ಕಿಲುಬು, ಇಲಿ ಕಡಿದ ವೈರ್ ಎರಡೂ ಮಳೆಗಾಲದ ಮಾಮೂಲು ಗಿರಾಕಿಗಳು. ಸೆನ್ಸರ್ ಕೂಡಿಸಿದಾಗ 5 ವೋಲ್ಟ್ ಕುಸಿದು, ಬಿಚ್ಚಿದ ಕೂಡಲೇ ಮರಳಿ ಬಂದರೆ ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಈಗ ಹೊಸದು ತರಬಹುದು. ಕೆಲವು ಗಾಡಿಗಳಲ್ಲಿ ಸೆನ್ಸರ್ ಕೆಳಗೆ ವಾಲ್ವ್ ಇದ್ದು ಗ್ಯಾಸ್ ತೆಗೆಯದೆ ಬದಲಿಸಬಹುದು, ಎಲ್ಲದರಲ್ಲೂ ಅಲ್ಲ. ಮ್ಯಾನ್ಯುಯಲ್ ನೋಡಿಯೇ ಸ್ಪ್ಯಾನರ್ ಹಿಡಿಯಿರಿ. ಓ-ರಿಂಗ್ ಹೊಸದೇ ಹಾಕಿ.

ರಿಪೇರಿ ಮುಗಿದ ಮೇಲೆ ಅದೇ ಪರೀಕ್ಷೆಗೆ ಹೋಗಿ ಮುಂದಿನ, ಹಿಂದಿನ ಡೀಫಾಗರ್ (ಗಾಜಿನ ಮಂಜು ತೆಗೆಯುವ) ಬಟನ್‌ಗಳನ್ನು ಒಟ್ಟಿಗೆ ಒತ್ತಿದರೆ ಕೋಡ್ ಅಳಿಯುತ್ತದೆ. ಎ.ಸಿ. ಹಾಕಿ ಸ್ವಲ್ಪ ದೂರ ಓಡಿಸಿ, ಮತ್ತೆ ಓದಿ ನೋಡಿ.