ಹಕ್ಕಿ ನೋಡುವವರ ಗುಂಪಿನಲ್ಲಿ ಇಷ್ಟೊಂದು ಜಗಳ ಏಕೆ?

"ಹಕ್ಕಿ ನೋಡುವುದು ಶಾಂತ ಹವ್ಯಾಸ ಎಂದುಕೊಂಡಿದ್ದೆ ಮೇಡಂ. ನಿಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಇಷ್ಟೊಂದು ಜಗಳ ಏಕೆ?" ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ತೀರುತ್ತಾರೆ. ಅದರ ಬೆನ್ನಿಗೇ ಇನ್ನೊಂದು: "ನಿಮ್ಮ ಗುಂಪಿನಲ್ಲಿ ಮಾತ್ರ ಹೇಗೆ ಇಲ್ಲ?" ಇದೆ, ಕಡಿಮೆ ಇದೆ ಅಷ್ಟೆ. ಹೆಜ್ಜಾರ್ಲೆಗಳನ್ನು ನೋಡುತ್ತಾ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಪೂರ್ತಿ ಉತ್ತರ ಇಲ್ಲಿದೆ.

ಹಕ್ಕಿ ನೋಡುವವರು ಉಳಿದವರಿಗಿಂತ ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ಒಂದು ಗುಂಪು ಯಾವುದಕ್ಕೆ ಮಣೆ ಹಾಕುತ್ತದೋ, ತಪ್ಪನ್ನು ಯಾರೆದುರು ತಿದ್ದುತ್ತದೋ, ಅದರ ಮೇಲೆ ಅದರ ನಡವಳಿಕೆ ನಿಂತಿರುತ್ತದೆ. ಸದಸ್ಯರ ಸಜ್ಜನಿಕೆಯನ್ನೇ ನಂಬಿ ಕುಳಿತ ಗುಂಪುಗಳು ಹೆಚ್ಚು ದಿನ ಬಾಳಿದ್ದನ್ನು ನಾನು ಕಂಡಿಲ್ಲ.

ಮೊದಲು ಒಂದು ಹಕ್ಕಿ. ಕಂದು ಮೈ, ಬೆನ್ನಿನ ತುಂಬ ಬಿಳಿ ಚುಕ್ಕೆ, ಬಾಲಕ್ಕೆ ಅಡ್ಡ ಪಟ್ಟೆ, ಕೆಂಪು ಕಣ್ಣು. ನನಗೆ ಗೊತ್ತಿರುವ ಶಾಲಾ ಶಿಕ್ಷಕಿಯೊಬ್ಬರು ಹಿತ್ತಲಿನ ಮರದಲ್ಲಿ ಇದನ್ನು ಕಂಡು, ಮೊಬೈಲಿನಲ್ಲಿ ಮಸುಕು ಮಸುಕಾಗಿ ಚಿತ್ರ ತೆಗೆದು, ದೊಡ್ಡದೊಂದು ಗುಂಪಿಗೆ ಹಾಕಿ "ಇದು ಯಾವ ಗಿಡುಗ?" ಎಂದು ಕೇಳಿದರು. ಮೊದಲು ಬಂದ ಉತ್ತರ: "ಗೂಗಲ್ ಇಲ್ಲವೇ?" ಅದರ ಕೆಳಗೆ ನಗುವ ಮುಖಗಳ ಸಾಲು. ಆಮೇಲೊಬ್ಬರು "ಮೊದಲು ಒಂದು ಕ್ಯಾಮೆರಾ ತೆಗೆದುಕೊಳ್ಳಿ" ಎಂದು ಬುದ್ಧಿ ಹೇಳಿದರು. ಕೊನೆಗೆ ಯಾರೋ ಪುಣ್ಯಾತ್ಮರು ಕೋಗಿಲೆ, ಹೆಣ್ಣು ಎಂದು ಬರೆದರು. ಕಪ್ಪಗಿರುವುದೇ ಕೋಗಿಲೆ ಎಂದು ನಾವೆಲ್ಲ ಕಲಿತವರು. ಹೆಣ್ಣು ಕೋಗಿಲೆ ಕಣ್ಣೆದುರೇ ಕುಳಿತರೂ ಗುರುತು ಸಿಗುವುದಿಲ್ಲ. ಅದು ದಡ್ಡ ಪ್ರಶ್ನೆಯಾಗಿರಲಿಲ್ಲ. ಆದರೆ ಆ ಶಿಕ್ಷಕಿ ಅಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ಗೂಗಲ್ ಎಂದವರನ್ನು ದುಷ್ಟರೆಂದು ಬೈದು ಮುಗಿಸಬಹುದಿತ್ತು. ಆದರೆ ಅವರ ಕಡೆಯಿಂದಲೂ ನೋಡಬೇಕು. ವಾಟ್ಸಾಪಿನಲ್ಲಿ ಬೆಳಿಗ್ಗೆ ಕೊಟ್ಟ ಉತ್ತರ ಸಂಜೆಯ ಹೊತ್ತಿಗೆ ಶುಭೋದಯದ ಸಂದೇಶಗಳ ಕೆಳಗೆ ಹೂತು ಹೋಗಿರುತ್ತದೆ. ಮುಂದಿನ ವಾರ ಅದೇ ಹೆಣ್ಣು ಕೋಗಿಲೆ ಬೇರೊಬ್ಬರ ಹಿತ್ತಲಿನಿಂದ ಹಾರಿ ಬರುತ್ತದೆ. ವರ್ಷಗಟ್ಟಲೆ ಬಿಟ್ಟಿ ಪಾಠ ಹೇಳಿದವನ ತಾಳ್ಮೆಗೂ ಒಂದು ಮಿತಿ ಇದೆ. ಬಹುತೇಕ ಒರಟುತನ ಹೀಗೆ ದಣಿವಿನಿಂದ ಹುಟ್ಟಿದ್ದು. ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುವವರು ಪ್ರಶ್ನೆ ಕೇಳುವ ಸ್ಟ್ಯಾಕ್ ಓವರ್‌ಫ್ಲೋದಲ್ಲೂ ಇದೇ ರೋಗವಿತ್ತು. 2018ರಲ್ಲಿ ಆ ಸಂಸ್ಥೆಯೇ ತಮ್ಮಲ್ಲಿ ಹೊಸಬರಿಗೆ ಆದರವಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡು, ಹೊಸಬರ ಪ್ರಶ್ನೆಯ ಮೇಲೆ 'ಇವರು ಹೊಸಬರು' ಎಂಬ ಗುರುತು ತೋರಿಸಲು ಶುರು ಮಾಡಿತು.

ಇನ್ನೊಂದು ಬಗೆಯ ಜಗಳಕ್ಕೆ ದಣಿವಿನ ನೆಪ ಸಲ್ಲದು. ಅದು ಲೆನ್ಸಿನ ಜಗಳ. 600 ಎಂಎಂ ಲೆನ್ಸಿಗೆ ಲಕ್ಷಗಟ್ಟಲೆ ಸುರಿದವರಿಗೆ ಆ ದುಡ್ಡಿಗೆ ತಕ್ಕ ಚಪ್ಪಾಳೆ ಬೇಕು. ಚಪ್ಪಾಳೆ ಬೀಳುವುದು ಅಪರೂಪದ ಹಕ್ಕಿಗೆ, ಇಲ್ಲವೇ ಮರಿಗೆ ಗುಟುಕು ಕೊಡುವ ತಾಯಿಗೆ. ಹೀಗಾಗಿ ಗೂಡಿಗೆ ಅಡ್ಡವಿರುವ ಎಲೆ ಕೀಳುವವರು, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನುಡಿಸಿ ಅದನ್ನು ಹೊರಗೆಳೆಯುವವರು, ಚಳಿಗಾಲದಲ್ಲಿ ಬರುವ ಸೆಳೆವ ಎಂಬ ಬೇಟೆಹಕ್ಕಿಗಳ ಹಿಂದೆ ಹುಲ್ಲುಗಾವಲಿನ ಮೇಲೆ ಕಾರು ಓಡಿಸುವವರು. ಇವರನ್ನು ಪ್ರಶ್ನಿಸಿದರೆ "ನಿನ್ನ ಹತ್ತಿರ ಯಾವ ಕ್ಯಾಮೆರಾ ಇದೆ?" ಎಂಬ ಮರುಪ್ರಶ್ನೆ. 'ದಿನದ ಚಿತ್ರ' ಎಂಬ ಸ್ಪರ್ಧೆಯಿರುವ ಗುಂಪುಗಳಲ್ಲಿ ಈ ಜಗಳ ತಪ್ಪಿದ್ದನ್ನು ನಾನು ನೋಡಿಲ್ಲ. ನಮ್ಮಲ್ಲಿ ಆ ಸ್ಪರ್ಧೆ ಏಕಿಲ್ಲ ಎಂದು ಕೇಳುವವರಿಗೂ ಇದೇ ಉತ್ತರ.

ಜಾಗ ಹೇಳದಿರುವುದರ ಬಗ್ಗೆಯೂ ದೂರುಗಳಿವೆ. "ಗೂಬೆ ಎಲ್ಲಿದೆ ಎಂದು ಕೇಳಿದರೆ ಮುಖ ತಿರುಗಿಸುತ್ತಾರೆ, ಎಷ್ಟು ಸೊಕ್ಕು!" ಇಲ್ಲಿ ಮುಖ ತಿರುಗಿಸುವವರ ಪಕ್ಷ ನನ್ನದು. ದೀಪಾವಳಿಯ ಹೊತ್ತಿಗೆ ವಾಮಾಚಾರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ ದಂಧೆ ನಮ್ಮ ದೇಶದಲ್ಲಿದೆ. ಹಗಲು ನಿದ್ದೆ ಮಾಡುವ ಹಕ್ಕಿಯ ಮರ ಯಾವುದೆಂದು ಐನೂರು ಜನರಿಗೆ ತಿಳಿಸುವುದು ಅಪಾಯ. ಆದರೆ ಇದನ್ನು ಗುಂಪಿಗೆ ಸೇರುವ ದಿನವೇ ಹೇಳಬೇಕು. ಮೊದಲೇ ಗೊತ್ತಿದ್ದರೆ ಅದು ನಿಯಮ. ಕೇಳಿದ ಮೇಲೆ ಹೇಳಿದರೆ ಅವಮಾನ.

ಸರಿ, ಬೇರೆ ದಾರಿ ಯಾವುದು? ನನಗೆ ಕಣ್ಣು ತೆರೆಸಿದ್ದು ಇ-ಬರ್ಡ್. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 2002ರಲ್ಲಿ ಶುರು ಮಾಡಿದ ಈ ಅಂತರ್ಜಾಲ ವ್ಯವಸ್ಥೆಯಲ್ಲಿ, ಕಂಡ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ದಾಖಲಿಸಬಹುದು. ಪಟ್ಟಿ ಪೂರ್ತಿಯಾಗಿರಲಿ ಎಂಬುದೇ ಅದರ ಕೋರಿಕೆ. ಕಾಗೆ, ಗೊರವಂಕ, ಪಾರಿವಾಳ ಯಾವುದನ್ನೂ ಬಿಡುವಂತಿಲ್ಲ. ಕಾಗೆ ಎಣಿಸಲು ಲೆನ್ಸ್ ಬೇಡ, ಪಾಂಡಿತ್ಯವೂ ಬೇಡ. ಮೊದಲ ದಿನ ಬಂದವರೂ ಕೆಲಸಕ್ಕೆ ಬರುತ್ತಾರೆ. 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 2023ರಲ್ಲಿ ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿಗತಿಯನ್ನು ಅಳೆದದ್ದು 30,000ಕ್ಕೂ ಹೆಚ್ಚು ಹವ್ಯಾಸಿಗಳು ಹೀಗೆ ಕೊಟ್ಟ ಸುಮಾರು 3 ಕೋಟಿ ದಾಖಲೆಗಳಿಂದ. ಅದರಲ್ಲಿ ಎಷ್ಟೋ ಪಾಲು ನಿಮ್ಮ ನಮ್ಮ ಬೀದಿಯ ಕಾಗೆ ಗುಬ್ಬಿಗಳೇ ಇರಬೇಕು.

ಇನ್ನೂ ಮುಖ್ಯವಾದದ್ದು ಅಲ್ಲಿ ತಪ್ಪು ತಿದ್ದುವ ರೀತಿ. ಆ ಊರಿಗೆ, ಆ ತಿಂಗಳಿಗೆ ಹೊಂದದ ಹಕ್ಕಿಯನ್ನು ದಾಖಲಿಸಿದರೆ ಗಣಕವೇ ಅದನ್ನು ಬದಿಗಿಟ್ಟು ವಿವರ ಕೇಳುತ್ತದೆ. ಆಮೇಲೆ ಆ ಪ್ರದೇಶದ ಸ್ವಯಂಸೇವಕ ಪರಿಶೀಲಕರು ಇಮೇಲ್ ಬರೆಯುತ್ತಾರೆ: ಗಾತ್ರ ಎಷ್ಟಿತ್ತು, ಚಿತ್ರವಿದೆಯೇ, ಬೇರೆ ಹಕ್ಕಿಯಾಗಿರಬಹುದೇ. ಪತ್ರ ಬರುವುದು ನಿಮಗೊಬ್ಬರಿಗೇ; ನಗಲು ಸುತ್ತ ಯಾರೂ ಇರುವುದಿಲ್ಲ. ಅಲ್ಲಿಯೂ ಎಲ್ಲವೂ ಚೆನ್ನಾಗಿದೆ ಎನ್ನಲಾರೆ. ಅತಿ ಹೆಚ್ಚು ಜಾತಿ ನೋಡಿದವರ ಪಟ್ಟಿಯೊಂದು ಅಲ್ಲಿಯೂ ಇದೆ, ಅದರ ಮೇಲೆ ಕಣ್ಣಿಟ್ಟವರ ವರಸೆ ಲೆನ್ಸಿನವರದ್ದೇ.

ಇದನ್ನೇ ನಮ್ಮ ಪುಟ್ಟ ಗುಂಪಿಗೆ ಅಳವಡಿಸಿಕೊಂಡೆವು. ಚಿತ್ರ ಹಾಕುವವರು ಊರು, ದಿನಾಂಕ, ಮತ್ತು ಹಕ್ಕಿ ಗುಬ್ಬಚ್ಚಿಗಿಂತ ದೊಡ್ಡದೋ, ಗೊರವಂಕಕ್ಕಿಂತ ದೊಡ್ಡದೋ ಎಂಬುದನ್ನು ಬರೆಯಬೇಕು. ಉತ್ತರ ಕೊಡುವವರು ಬರೀ ಹೆಸರು ಹೇಳುವಂತಿಲ್ಲ, ಒಂದು ಕಾರಣವನ್ನೂ ಕೊಡಬೇಕು. "ಹೆಣ್ಣು ಕೋಗಿಲೆ. ಗಿಡುಗದಂತೆ ಕೊಕ್ಕಿನ ತುದಿ ಕೊಕ್ಕೆಯಾಗಿಲ್ಲ, ಕೊಕ್ಕಿನ ಬಣ್ಣವೂ ಮಾಸಲು ಹಸಿರು ನೋಡಿ." ಇಷ್ಟು ಬರೆಯುವ ಹೊತ್ತಿಗೆ ಸಿಟ್ಟು ತಾನಾಗಿ ಇಳಿದಿರುತ್ತದೆ. ಈ ನಿಯಮದಿಂದ ನಾವು ನಿರೀಕ್ಷಿಸದ ಲಾಭವೂ ಆಯಿತು. ಬಯಲಿನಲ್ಲಿ ಓಡಾಡುವ ಕಂದು ಪಿಪಿಟ್‌ಗಳಿವೆಯಲ್ಲ, ಒಂದನ್ನೊಂದು ಹೋಲುವ ಆ ಪೀಡೆಗಳು, ಅವುಗಳ ಚಿತ್ರ ಬಂದಾಗ ಪರಿಣತರಿಗೇ ಕಾರಣ ತೋಚುವುದಿಲ್ಲ. ಕೂಗು ಕೇಳದೆ ಹೇಳಲಾಗದು ಎಂದು ಬರೆಯುತ್ತಾರೆ. ತಿಳಿದವರು ಗೊತ್ತಿಲ್ಲ ಎಂದದ್ದನ್ನು ಒಮ್ಮೆ ಕಂಡ ಹೊಸಬರು ಪ್ರಶ್ನೆ ಕೇಳಲು ಅಂಜುವುದಿಲ್ಲ.

ದಣಿವಿಗೆ ಮದ್ದು ಪಾಳಿ. ಈ ವಾರ ಉತ್ತರ ಹೇಳುವವರು ಇವರು, ಉಳಿದವರು ಆರಾಮಾಗಿರಿ. ಪದೇ ಪದೇ ಬರುವ ಗೊಂದಲಗಳನ್ನೆಲ್ಲ ಚಿತ್ರಸಹಿತ ಒಂದು ಕಡತ ಮಾಡಿಟ್ಟಿದ್ದೇವೆ. ಹೆಣ್ಣು ಕೋಗಿಲೆಗೆ ಅದರ ಮೊದಲ ಪುಟ. ಗೂಡಿನ ಚಿತ್ರ ಬಂದರೆ ಅಡ್ಮಿನ್ ಅಳಿಸುತ್ತಾರೆ, ಕಾರಣವನ್ನು ಕಳಿಸಿದವರಿಗೆ ಮಾತ್ರ ತಿಳಿಸುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ, 2013ರಿಂದ ಭಾರತವೂ ಸೇರಿಕೊಂಡಿರುವ ಎಣಿಕೆ ಅದು, ಹೊಸಬರನ್ನು ಹಳಬರ ಜೊತೆಗೆ ಕಳಿಸುತ್ತೇವೆ. ಕನಿಷ್ಠ ಹದಿನೈದು ನಿಮಿಷ ಒಂದೇ ಮರವನ್ನು ಒಟ್ಟಿಗೆ ನೋಡಿದವರು ಆಮೇಲೆ ಪರದೆಯ ಮೇಲೆ ಒಬ್ಬರನ್ನೊಬ್ಬರು ಹೀಯಾಳಿಸುವುದು ಕಡಿಮೆ.

"ಯಾರನ್ನೂ ಹೊರಗೆ ಹಾಕುವುದೇ ಇಲ್ಲವೇ?" ಹಾಕುತ್ತೇವೆ. ಒಮ್ಮೆ ಖಾಸಗಿಯಾಗಿ ಹೇಳುತ್ತೇವೆ, ಕೇಳದಿದ್ದರೆ ತೆಗೆಯುತ್ತೇವೆ. "ಎಷ್ಟು ದೊಡ್ಡ ಪರಿಣತರು, ಅವರನ್ನೇ ತೆಗೆದಿರಲ್ಲ!" ಎಂದು ಕೆಲವರು ಮುನಿಸಿಕೊಂಡಿದ್ದಾರೆ. ಆ ಪರಿಣತರಿಂದಾಗಿ ಸದ್ದಿಲ್ಲದೆ ಎದ್ದು ಹೋದವರ ಲೆಕ್ಕವನ್ನು ಇವರು ಇಟ್ಟಿಲ್ಲ. 2022ರಿಂದ ವಾಟ್ಸಾಪ್ ಗುಂಪು ಬಿಡುವವರ ಸುದ್ದಿಯನ್ನು ಎಲ್ಲರಿಗೂ ಸಾರುವುದಿಲ್ಲ, ಸೂಚನೆ ಅಡ್ಮಿನ್‌ಗಳಿಗಷ್ಟೇ ಬರುತ್ತದೆ. ಕಟುವಾದ ಒಂದು ಮಾತಿನ ನಂತರ ಆ ಸೂಚನೆಗಳು ಹೇಗೆ ಸಾಲಾಗಿ ಬರುತ್ತವೆ ಎಂಬುದು ಅಡ್ಮಿನ್ ಆದವರಿಗೇ ಗೊತ್ತು.

ಇನ್ನು ನಮ್ಮಿಂದ ಪೂರ್ತಿ ಬಗೆಹರಿಯದ ಸಂಗತಿ. ಸಾಮಾನ್ಯ ವಾಟ್ಸಾಪ್ ಗುಂಪಿಗೆ ಸೇರಿದ ಕೂಡಲೇ ನಿಮ್ಮ ಮೊಬೈಲ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಗಳೊಬ್ಬಳು ಸೂರಕ್ಕಿಯ ಚಿತ್ರ ಹಾಕಿದರೆ ಗುಂಪಿನಲ್ಲಿ ಎರಡು ಮೆಚ್ಚುಗೆ, ಅವಳ ಖಾಸಗಿ ಸಂದೇಶಗಳಲ್ಲಿ ಹತ್ತು. "ಚಿತ್ರ ಚೆನ್ನಾಗಿದೆ" ಎಂದು ಶುರುವಾಗಿ, ಮುಂದೆ "ನಾಳೆ ಬೆಳಿಗ್ಗೆ ಕೆರೆಗೆ ಒಬ್ಬರೇ ಬರುತ್ತೀರಾ?" ಎಂಬಲ್ಲಿಗೆ ಮುಟ್ಟುತ್ತದೆ. ಗುಂಪಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ "ನಮ್ಮಲ್ಲಿ ಅಂಥದ್ದೇನಿಲ್ಲ" ಎಂದು ಗಂಡಸರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಗುಂಪಿನಲ್ಲಿ ಕೇಳಿ ಒಪ್ಪಿಗೆ ಪಡೆಯದೆ ಯಾರಿಗೂ ಖಾಸಗಿ ಸಂದೇಶ ಕಳಿಸಬಾರದು ಎಂಬ ನಿಯಮ ಮಾಡಿದ್ದೇವೆ. ಇದಕ್ಕೂ ಎರಡನೆಯ ಎಚ್ಚರಿಕೆ ಇಲ್ಲ. ಅಡ್ಮಿನ್‌ಗಳಲ್ಲಿ ಅರ್ಧದಷ್ಟು ಹೆಂಗಸರು, ದೂರು ಬರುವುದು ಅವರಿಗೆ. ಸದಸ್ಯರ ಸಂಖ್ಯೆ ಕಾಣದಂತೆ ಪ್ರಕಟಣೆಗಳನ್ನಷ್ಟೇ ಕಳಿಸುವ ಕಮ್ಯುನಿಟಿ ಸೌಲಭ್ಯಕ್ಕೆ ಹೋಗೋಣ ಎಂದು ಕೆಲವರು ಹೇಳುತ್ತಿದ್ದಾರೆ. ಅಲ್ಲಿ ಹೊಸಬರು ಎಲ್ಲರೆದುರು ಪ್ರಶ್ನೆ ಕೇಳುವುದು ಹೇಗೆ ಎಂಬಲ್ಲಿಗೆ ಚರ್ಚೆ ನಿಂತಿದೆ. ಸದ್ಯಕ್ಕೆ, ಸಂಖ್ಯೆ ತೋರಿಸಲು ಇಷ್ಟವಿಲ್ಲದವರು ಚಿತ್ರವನ್ನು ಅಡ್ಮಿನ್‌ಗೆ ಕಳಿಸುತ್ತಾರೆ, ನಾವು ಹೆಸರಿಲ್ಲದೆ ಗುಂಪಿಗೆ ಹಾಕಿ ಉತ್ತರವನ್ನು ಅವರಿಗೆ ಮುಟ್ಟಿಸುತ್ತೇವೆ.