ಎಲ್ಲರೂ ಮದುಮಕ್ಕಳಾದರೆ ಹಂದರ ಹಾಕೋರ್ಯಾರು?

ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ ಹನ್ನೊಂದೂವರೆಗೆ 'ಸ್ಯಾಟರ್‌ಡೇ ನೈಟ್ ಲೈವ್' ಶುರುವಾಗುವಾಗ ಬಳ್ಳಾರಿಯಲ್ಲಿ ಭಾನುವಾರ ಬೆಳಗ್ಗೆ. ಚಳಿಗಾಲದಲ್ಲಾದರೆ ಸರಿಯಾಗಿ 10 ಗಂಟೆ, ಒಗ್ಗರಣಿ-ಮಿರ್ಚಿಯ ಹೊತ್ತು. 1975ರಿಂದ ನಡೆದು ಬಂದಿರುವ ಈ ಅಮೆರಿಕದ ಟಿವಿ ಪ್ರಹಸನ ಕಾರ್ಯಕ್ರಮದ ಗೆದ್ದ ವರ್ಷಗಳನ್ನು ಎಲ್ಲರೂ ನೋಡುತ್ತಾರೆ. ಆದರೆ ನಮ್ಮ ಕಡೆಯ ಕಾಲೇಜು ತಂಡಗಳು, ಗಣೇಶೋತ್ಸವದ ಹಾಸ್ಯ ತಂಡಗಳು ನೋಡಬೇಕಾದದ್ದು ಅದು ಮುಗ್ಗರಿಸಿದ ವರ್ಷವನ್ನು, ಅಂದರೆ 1985-86ರ 11ನೇ ಸೀಸನ್ನನ್ನು. ಹಳಬರೆಲ್ಲ ಹೋಗಿ ಹೊಸಬರು ಬಂದಾಗ ಏನು ಕೆಡುತ್ತದೆ ಎನ್ನುವುದು ಅಲ್ಲಿ ಕಂಡಷ್ಟು ಚೊಕ್ಕವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕಾರ್ಯಕ್ರಮ ಕಟ್ಟಿದ ಲಾರ್ನ್ ಮೈಕಲ್ಸ್ 1980ರಲ್ಲಿ ಬಿಟ್ಟುಹೋಗಿದ್ದವರು 1985ರಲ್ಲಿ ಮರಳಿದರು. ಹಿಂದಿನ ವರ್ಷದ ಬಿಲ್ಲಿ ಕ್ರಿಸ್ಟಲ್, ಮಾರ್ಟಿನ್ ಶಾರ್ಟ್ ಮೊದಲಾದವರು ಆಗ ಇರಲಿಲ್ಲ. ಅವರ ಜಾಗಕ್ಕೆ ಬಂದವರನ್ನು ನೋಡಿ: 17 ವರ್ಷದ ಆಂಥನಿ ಮೈಕಲ್ ಹಾಲ್, 20ರ ರಾಬರ್ಟ್ ಡೌನಿ ಜೂನಿಯರ್, ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದ ರ‍್ಯಾಂಡಿ ಕ್ವೇಡ್, ಜೋನ್ ಕ್ಯೂಸ್ಯಾಕ್. ಒಬ್ಬೊಬ್ಬರೂ ಪ್ರತಿಭಾವಂತರೇ. ತೊಂದರೆ ಬೇರೆ ಕಡೆ ಇತ್ತು. ಪ್ರಹಸನದಲ್ಲಿ ಒಬ್ಬ ವಿಚಿತ್ರ ಬೇಕು, ಅವನೆದುರು ನೆಟ್ಟಗೆ ನಿಂತು ಕೇಳುವವನೊಬ್ಬ ಬೇಕು. ಇಲ್ಲಿ ಹದಿನೇಳರ ಹುಡುಗ ಅಪ್ಪನ ಪಾತ್ರ ಮಾಡಿದರೆ ಜನ ನಂಬುವುದಿಲ್ಲ. ಸಿನಿಮಾದವರಿಗೆ ಕ್ಯಾಮೆರಾ ಹತ್ತಿರ ಬಂದು ಮುಖ ಹಿಡಿಯುವ ರೂಢಿ. ಮೇಯರ್, ಡಾಕ್ಟರ್, ಅಂಗಡಿಯವ, ಸುದ್ದಿ ಓದುವವ, ಇಂಥ ಸಾದಾ ಪಾತ್ರಗಳನ್ನು ಹೊರುವ ಹೆಗಲು ಕಡಿಮೆಯಾಯಿತು.

ಆ ಸೀಸನ್ನಿನ ಕೊನೆಯ ಕಂತಿನಲ್ಲಿ ಸೆಟ್ಟಿಗೆ ಬೆಂಕಿ ಬೀಳುವ ದೃಶ್ಯವಿದೆ. ಮೈಕಲ್ಸ್ ಉಳಿಸಿ ಕರೆದೊಯ್ಯುವುದು ತಂಡದ ಜಾನ್ ಲೋವಿಟ್ಸ್ ಒಬ್ಬನನ್ನೇ! ಮುಂದಿನ ವರ್ಷಕ್ಕೆ ಲೋವಿಟ್ಸ್ ಜೊತೆ ನೋರಾ ಡನ್, ಡೆನಿಸ್ ಮಿಲ್ಲರ್ ಉಳಿದರು. ಹೊಸದಾಗಿ ಡೇನಾ ಕಾರ್ವಿ, ಫಿಲ್ ಹಾರ್ಟ್‌ಮನ್, ಜ್ಯಾನ್ ಹುಕ್ಸ್, ಕೆವಿನ್ ನೀಲನ್, ವಿಕ್ಟೋರಿಯಾ ಜಾಕ್ಸನ್ ಬಂದರು. ಕಾರ್ವಿಯ ಹೆಸರು ದೊಡ್ಡದಾಯಿತು, ನಿಜ. ಆದರೆ ಮನೆ ನಿಂತದ್ದು ಹಾರ್ಟ್‌ಮನ್‌ನಂಥವರ ಮೇಲೆ. ತಂಡದವರು ಅವನನ್ನು ಕರೆಯುತ್ತಿದ್ದ ಅಡ್ಡಹೆಸರೇ 'ಗ್ಲೂ', ಅಂದರೆ ಅಂಟು.

ನಮಗೆ ಇದು ಹೊಸದಲ್ಲ. ದೊಡ್ಡಾಟದಲ್ಲಿ ರಾಜ ಬರುತ್ತಾನೆ, ರಾಕ್ಷಸ ಬರುತ್ತಾನೆ, ಕುಣಿದು ಹೋಗುತ್ತಾರೆ. 'ನೀವು ಧಾರು?' ಎಂದು ಕೇಳುವ ಸಾರಥಿ ಮಾತ್ರ ಅಲ್ಲೇ ಇರುತ್ತಾನೆ. ಆದರೂ ಬೀಚಿಯಿಂದ ಗಂಗಾವತಿ ಪ್ರಾಣೇಶ್‌ವರೆಗೆ ಈ ಸೀಮೆಯ ಹೆಸರಾದ ನಗೆ ಹೆಚ್ಚಾಗಿ ಒಬ್ಬರೇ ಹೇಳುವ ನಗೆ. ಅದನ್ನು ಕೇಳಿ ಬೆಳೆದ ಹುಡುಗರು ತಂಡ ಕಟ್ಟಿದರೆ ಏಳು ಜನಕ್ಕೆ ಏಳು ಪ್ರಾಣೇಶರು, ಸಾರಥಿ ಒಬ್ಬನೂ ಇಲ್ಲ.

ಉದಾಹರಣೆಗೆ, ಕಂಪ್ಲಿ ಮೇಲೆ ಹೋಗುವ ಬಳ್ಳಾರಿ-ಗಂಗಾವತಿ ಬಸ್ಸು. ಒಬ್ಬ ಸೋನಾ ಮಸೂರಿ ಚೀಲಕ್ಕೆ ಹಾಫ್ ಟಿಕೆಟ್ ಕೇಳುತ್ತಾನೆ. ಮೊದಲ 30 ಸೆಕೆಂಡಿನೊಳಗೆ ಇದು ಗೊತ್ತಾಗಬೇಕು. ಆಮೇಲೆ ಮೂರೇ ಮೆಟ್ಟಿಲು: ಚೀಲಕ್ಕೆ ಕಿಟಕಿ ಸೀಟು ಬೇಕು, ಪಕ್ಕದವರು ಅದಕ್ಕೆ ಒರಗಬಾರದು, ಕಂಪ್ಲಿ ಬಂದಾಗ ಅದನ್ನು ಎಬ್ಬಿಸಬೇಕು. ಇಲ್ಲಿ ಕಂಡಕ್ಟರ್ ನಿಜವಾದ ಕಂಡಕ್ಟರ್ ಆಗಿರಬೇಕು: ಚಿಲ್ಲರೆ ಇಲ್ಲದ, ಲೇಟಾದ, ಸುಸ್ತಾದ ಮನುಷ್ಯ. ಅವನೂ ಮುಖ ಓರೆ ಮಾಡಿ ನಗಿಸಲು ಹೋದರೆ ಚೀಲದವನ ಹುಚ್ಚನ್ನು ಅಳೆಯಲು ಗಜಕಡ್ಡಿಯೇ ಇಲ್ಲದಂತಾಗುತ್ತದೆ. ಮುಂದಿನ ಸಾಲು ನಗುತ್ತದೆ, ಹಿಂದಿನದು ಮೊಬೈಲ್ ತೆಗೆಯುತ್ತದೆ.

ಇದನ್ನು ಮೊದಲೇ ಹಿಡಿಯುವ ಉಪಾಯ: ಒಂದು ಹಾಳೆಯಲ್ಲಿ ಎಡಕ್ಕೆ ಹೆಸರುಗಳು, ಮೇಲೆ ಪ್ರಹಸನಗಳು. ಪ್ರತಿ ಮನೆಯಲ್ಲಿ 'ನ' ಅಥವಾ 'ಕೇ', ನಗಿಸುವವನೋ ಕೇಳುವವನೋ. ಯಾರ ಸಾಲಿನಲ್ಲಿ ಬರೀ 'ನ' ಇದೆಯೋ ಅವರ ಒಂದು ಪಾತ್ರ ಬದಲಿಸಿ. ಎರಡು 'ನ'ಗಳು ಎದುರುಬದುರಾದ ಪ್ರಹಸನವನ್ನು ಮತ್ತೆ ಬರೆಯಿರಿ.

ಆಯ್ಕೆಯ ವಿಷಯದಲ್ಲಿ ನ್ಯೂಯಾರ್ಕಿನವರ ಪದ್ಧತಿ ಕಟುಕರದ್ದು, ಆದರೆ ಒಳ್ಳೆಯದು. ಸೋಮವಾರ ಐಡಿಯಾ, ಮಂಗಳವಾರ ರಾತ್ರಿಯಿಡೀ ಬರೆಹ, ಬುಧವಾರ ಸುಮಾರು 40 ಪ್ರಹಸನಗಳ ಓದು. ಶನಿವಾರ ರಾತ್ರಿ 8ಕ್ಕೆ ಪ್ರೇಕ್ಷಕರ ಮುಂದೆ ವೇಷ ತೊಟ್ಟು ಪೂರ್ತಿ ರಿಹರ್ಸಲ್, ಅಲ್ಲಿ ಸೋತದ್ದು ಹನ್ನೊಂದೂವರೆಯೊಳಗೆ ಕಸಕ್ಕೆ. ನಿಮಗೆ 20 ನಿಮಿಷ ಕೊಟ್ಟಿದ್ದರೆ 12 ಪ್ರಹಸನ ಬರೆಯಿರಿ, 6 ಕಲಿಯಿರಿ, 4 ಆಡಿ. ನಿಮಿಷಕ್ಕೆ 100 ಪದ ಎಂದು ಲೆಕ್ಕ ಹಿಡಿದು ಐದನೇ ಒಂದು ಭಾಗವನ್ನು ನಗುವಿಗೆ ಬಿಟ್ಟರೆ, ನಾಲ್ಕು ನಿಮಿಷದ ಆಟಕ್ಕೆ 320 ಪದ ಸಾಕು. ನಗುವಿಗೆ ಜಾಗ ಬಿಡದವರು ಮುಂದಿನ ಮಾತನ್ನು ಚಪ್ಪಾಳೆಯಲ್ಲಿ ಮುಳುಗಿಸುತ್ತಾರೆ.

ಅಲ್ಲಿಯವರು ಇಂದಿಗೂ ಕೈಬರಹದ ಕಾರ್ಡು ನೋಡಿಯೇ ಮಾತಾಡುತ್ತಾರೆ, ನಾಚಿಕೆ ಬೇಡ. ಬಿಳಿ ಚಾರ್ಟ್, ಕಪ್ಪು ಮಾರ್ಕರ್, ಎರಡು ಇಂಚಿನ ಅಕ್ಷರ. ಕನ್ನಡದಲ್ಲಿ ಒತ್ತಕ್ಷರ ಸಣ್ಣದಾದರೆ ದೂರದಿಂದ 'ಕಟ್ಟಿ' ಹೋಗಿ 'ಕಟಿ' ಆಗುತ್ತದೆ, ಆದ್ದರಿಂದ ಒತ್ತನ್ನೂ ಮೂಲ ಅಕ್ಷರದಷ್ಟೇ ದಪ್ಪಗೆ ಬರೆಯಿರಿ.

ವೇದಿಕೆಯ ಮೇಲೆ ಹೊಸ ಮಾತು ಸೇರಿಸುವ ಚಟಕ್ಕೂ 11ನೇ ಸೀಸನ್ನಿನಲ್ಲೇ ಪಾಠವಿದೆ. ಡೇಮನ್ ವೇಯನ್ಸ್ 1986ರ ಮಾರ್ಚ್‌ನಲ್ಲಿ ಸಣ್ಣ ಪೊಲೀಸ್ ಪಾತ್ರವೊಂದರ ಧಾಟಿಯನ್ನು ನೇರಪ್ರಸಾರದಲ್ಲಿ ಹೇಳದೆ ಕೇಳದೆ ಬದಲಿಸಿದ, ಕೆಲಸ ಹೋಯಿತು. ಕೊಟ್ಟ ಪಾತ್ರಗಳು ಬೇಸರ ತರಿಸುವಂಥವೇ ಇದ್ದವು, ಅವನ ಸಿಟ್ಟು ಸುಳ್ಳಲ್ಲ. ಆದರೂ ಎದುರಿನವನು ಕಾಯುತ್ತಿರುವುದು ಬರೆದ ಮಾತಿನ ಕೊನೆಯ ಪದಕ್ಕಾಗಿ. ಸೇರಿಸುವುದಿದ್ದರೆ ನಡುವೆ ಸೇರಿಸಿ, ಕೊನೆಯ ಪದ ಮುಟ್ಟಬೇಡಿ.

ಇನ್ನೊಂದು. 1980ರಲ್ಲಿ ಹೀಗೇ ಪೂರಾ ಹೊಸ ತಂಡ ಬಂದಾಗ, ಮೊದಲ ದೃಶ್ಯದಲ್ಲೇ ಹೊಸಬರು ತಮ್ಮನ್ನು ಹಳಬರೊಂದಿಗೆ ಹೋಲಿಸಿಕೊಂಡರು. ನೋಡುವವರ ತಲೆಯಲ್ಲಿ ಮೊದಲೇ ಇದ್ದ ತಕ್ಕಡಿಯನ್ನು ತಾವೇ ಎತ್ತಿ ತೋರಿಸಿದಂತಾಯಿತು. ನಿಮ್ಮ ಸೀನಿಯರ್‌ಗಳು ಹೆಸರು ಮಾಡಿದ ಪಾತ್ರದ ಟೋಪಿ, ಕನ್ನಡಕ, ಕೊಡೆ ಟ್ರಂಕಿನಲ್ಲೇ ಇರಲಿ. ಬೀಗದ ಕೈ ಎರಡನೇ ವರ್ಷದವರೆಗೆ ಕಂಡಕ್ಟರ್ ಪಾತ್ರದವನ ಹತ್ತಿರ.