ಕುಮಟಾದಲ್ಲಿ ಇಳಿದು, ಗೋಕರ್ಣ ರೋಡಿನಲ್ಲಿ ಹತ್ತಿ

ಫೆಬ್ರವರಿ 2, 2025, ಭಾನುವಾರ
ಮಂಗಳೂರು, ರಾತ್ರಿ

ಕಾರಿನಲ್ಲಿ ಹೋಗಿದ್ದರೆ ಈ ನಡಿಗೆ ಆಗುತ್ತಲೇ ಇರಲಿಲ್ಲ. ಕುಮಟಾದಲ್ಲಿ ಕಾರು ನಿಲ್ಲಿಸಿ ಕಡಲ ದಂಡೆಯಲ್ಲಿ ಗೋಕರ್ಣದವರೆಗೆ ನಡೆದರೆ, ಆಮೇಲೆ ಕಾರಿಗೋಸ್ಕರ ಮತ್ತೆ ಕುಮಟಾಕ್ಕೆ ಬರಬೇಕು. ಅದಕ್ಕೇ ಕಾರಿನಲ್ಲಿ ಬಂದವರು ಗೋಕರ್ಣದ ಓಂ ಬೀಚಿನ ಹತ್ತಿರ ಗಾಡಿ ಬಿಟ್ಟು, ಸ್ವಲ್ಪ ದೂರ ನಡೆದು, ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ರೈಲಿನಲ್ಲಿ ಹೋದವರಿಗೆ ಆ ಕಟ್ಟು ಇಲ್ಲ. ಕುಮಟಾ ಸ್ಟೇಷನ್ನಿನಲ್ಲಿ ಇಳಿದು ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಹತ್ತಿದರೆ ಆಯ್ತು. ಹೋದ ದಾರಿಯಲ್ಲೇ ತಿರುಗಿ ಬರುವ ಪ್ರಶ್ನೆಯೇ ಇಲ್ಲ.

ನಿನ್ನೆ ನಸುಕಿನಲ್ಲಿ ಅತ್ತಿಗೆ ಮತ್ತು ನಾನು ಮಂಗಳೂರು ಸೆಂಟ್ರಲ್‌ನಲ್ಲಿ ಮಡಗಾಂವ್ ಪ್ಯಾಸೆಂಜರ್ ಹತ್ತಿದೆವು. ರಿಸರ್ವೇಷನ್ ಬೇಡ, ಮೊದಲೇ ಬುಕಿಂಗ್ ಬೇಡ, ಕೌಂಟರಿನಲ್ಲಿ ಟಿಕೆಟ್ ತೆಗೆದುಕೊಂಡರೆ ಮುಗಿಯಿತು. ಬೆಂಗಳೂರಿನವರಿಗೂ ಕಷ್ಟವಿಲ್ಲ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಕುಮಟಾ ಮುಟ್ಟಿಸುತ್ತದೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ಬಂದಾಗ ಬೋಗಿಯಲ್ಲಿದ್ದವರೆಲ್ಲ ಸುಮ್ಮನಾಗಿ ಕಿಟಕಿ ಕಡೆ ತಿರುಗಿದರು. ಎರಡು ಕಿಲೋಮೀಟರಿಗೂ ಉದ್ದ, ಇಡೀ ಕೊಂಕಣ ರೈಲು ದಾರಿಯಲ್ಲೇ ಅತಿ ಉದ್ದದ ಸೇತುವೆ ಅದು. ಈ ದಾರಿ ಪೂರ್ತಿ ತೆರೆದದ್ದು 1998ರಲ್ಲಿ. ನಮ್ಮ ಕರಾವಳಿಯ ಊರಿಂದೂರಿಗೆ ಹೀಗೆ ಸಲೀಸಾಗಿ ಓಡಾಡಲು ಶುರು ಮಾಡಿ ಇನ್ನೂ ಮೂವತ್ತು ವರ್ಷ ಆಗಿಲ್ಲ, ಅಲ್ವಾ.

ಕುಮಟಾ ಪೇಟೆ ದಾಟಿ ವನ್ನಳ್ಳಿಗೆ ಹೋದೆವು. ಕಡಲು ಅಲ್ಲಿಂದ ಎಡಗಡೆಗೆ. ಮುಂದೆ ದಾರಿ ಕೇಳಬೇಕಾದ್ದು ಕಡಿಮೆ. ದಂಡೆ ಮುಗಿದ ಕಡೆ ಗುಡ್ಡ ಹತ್ತುವುದು, ಗುಡ್ಡ ಇಳಿದ ಕಡೆ ಮತ್ತೆ ದಂಡೆ. ಗುಡ್ಡದ ಮೇಲೆ ಚಿರೆಕಲ್ಲಿನ ಹಾಸು, ಒಣಗಿದ ಹುಲ್ಲು, ದನ ಓಡಾಡಿ ಸವೆದ ಕಾಲುದಾರಿ. ಕೆಳಗೆ ಕೇದಗೆ ಪೊದೆ. ನಿನ್ನೆ ಹೊತ್ತು ಏರಿದಂತೆ ಭರತವೂ ಏರುತ್ತಿತ್ತು. ಹಾಗಾಗಿ ಬಂಡೆ ಸುತ್ತಿ ನೀರಂಚಿನಲ್ಲಿ ಹೋಗುವ ಆಸೆ ಬಿಟ್ಟು ಪ್ರತಿ ಸಲವೂ ಗುಡ್ಡವನ್ನೇ ಹತ್ತಿದೆವು. ಇಲ್ಲಿ ನಡೆಯುವವರು ರೈಲಿನ ವೇಳೆ ನೋಡಿದ ಹಾಗೆಯೇ ಭರತ-ಇಳಿತದ ವೇಳೆಯನ್ನೂ ನೋಡಿಕೊಂಡು ಹೊರಡಬೇಕು. ಅಮಾವಾಸ್ಯೆ ಕಳೆದು ಎರಡು ಮೂರು ದಿನ ಅಷ್ಟೇ ಆಗಿತ್ತು. ಇಂಥ ದಿನಗಳಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ.

ಕಡ್ಲೆ ದಾಟಿದ ಮೇಲೆ ಒಂದು ಕಡೆ ಕೈರಂಪಣಿ ಬಲೆ ಎಳೆಯುತ್ತಿದ್ದರು. ಅಲ್ಲಿ ನಾವು ಬಹಳ ಹೊತ್ತು ನಿಂತೆವು. ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದಿರುತ್ತದೆ. ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ಎರಡು ಸಾಲು ಜನ ಹಿಡಿದಿರುತ್ತಾರೆ. ಬೆನ್ನು ಗುಡ್ಡದ ಕಡೆ, ಮುಖ ಕಡಲ ಕಡೆ. ಹಿಮ್ಮಡಿ ಊರಿ ಒಂದೊಂದೇ ಹೆಜ್ಜೆ ಹಿಂದಕ್ಕೆ. ಸಾಲಿನ ಕೊನೆಯವನು ಹಗ್ಗ ಬಿಟ್ಟು, ಓಡಿ ಬಂದು ನೀರಿನ ಅಂಚಿನಲ್ಲಿ ಮತ್ತೆ ಮೊದಲನೆಯವನಾಗಿ ಹಿಡಿಯುತ್ತಾನೆ. ಎಳೆದ ಹಾಗೆ ಎರಡೂ ಸಾಲು ನಿಧಾನಕ್ಕೆ ಹತ್ತಿರ ಸರಿಯುತ್ತವೆ. ಬಲೆಯ ಚೀಲ ಮರಳಿಗೆ ಬಂದಾಗ ಒಳಗಿದ್ದದ್ದು ತಾರ್ಲೆ (ಭೂತಾಯಿ ಮೀನು), ಒಂದಷ್ಟು ಶೆಟ್ಲಿ (ಸಿಗಡಿ), ಬೇಕಾದಷ್ಟು ಲೋಳೆ ಮೀನು. ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಹೊತ್ತಿನ ಸಾರಿಗಾಗುವಷ್ಟು. ಮೊದಲು ಊರಿಗೆ ಊರೇ ಸೇರಿ ದೊಡ್ಡ ರಂಪಣಿ ಎಳೆಯುತ್ತಿದ್ದ ಕರಾವಳಿ ಇದು. 1970ರ ದಶಕದಲ್ಲಿ ಕಡಲಿನಲ್ಲೇ ದೊಡ್ಡ ಸುತ್ತುಬಲೆ ಬೀಸುವ ಪರ್ಸೀನ್ ಬೋಟುಗಳು ಬಂದ ಮೇಲೆ ದಂಡೆಯವರೆಗೆ ಮೀನು ಬರುವುದೇ ಕಡಿಮೆಯಾಯಿತು. ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಕಾಣುವುದೇ ಇಲ್ಲ. ನಡೆದು ಹೋದವರಿಗೆ ದಾರಿಯಲ್ಲೇ ಸಿಗುತ್ತದೆ.

ಬಾಡದ ಉದ್ದ ದಂಡೆಯಲ್ಲಿ ಗಾಳಿಮರದ ನೆರಳಿತ್ತು. ಬುತ್ತಿ ಬಿಚ್ಚಿದ್ದು ಅಲ್ಲೇ. ರಾತ್ರಿ ಅಘನಾಶಿನಿ ಊರಿನಲ್ಲಿ ಒಬ್ಬರ ಮನೆಯಲ್ಲಿ ಉಳಿದೆವು. ಕೆಂಪಕ್ಕಿ ಗಂಜಿ, ಬಳಚಿನ (ಚಿಪ್ಪುಮೀನಿನ) ಸುಕ್ಕ.

ಹೊಳೆಯ ಹೆಸರೂ ಅದೇ, ಊರಿನ ಹೆಸರೂ ಅದೇ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ಇಲ್ಲಿ ಕಡಲು ಸೇರುವ ಹೊಳೆ. ಪಶ್ಚಿಮ ಘಟ್ಟದಲ್ಲಿ ಅಂಥವು ಎಷ್ಟು ಉಳಿದಿವೆ? ಇಂದು ಬೆಳಿಗ್ಗೆ ಏಳರ ಹೊತ್ತಿಗೆ ನೀರು ಪೂರ್ತಿ ಇಳಿದಿತ್ತು. ಹೊಳೆಯ ನಡುವೆ ಎದ್ದ ಮರಳು ದಿಬ್ಬದಲ್ಲಿ ಹೆಂಗಸರು ಬಗ್ಗಿ ಬಳಚು ಆರಿಸುತ್ತಿದ್ದರು. ಬೆರಳಿನಲ್ಲಿ ತಡವಿ, ಎತ್ತಿ, ಚಿಕ್ಕದಿದ್ದರೆ ಅಲ್ಲೇ ಬಿಟ್ಟು, ದೊಡ್ಡದನ್ನು ಬುಟ್ಟಿಗೆ. 2024ರ ಜನವರಿಯಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಹೊಳೆಯ ಆಚೆ ದಡದ ತದಡಿಯಲ್ಲಿ ಒಂದು ಕಾಲಕ್ಕೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಜನ ಎದ್ದು ನಿಂತರು, ಯೋಜನೆ ಹೋಯಿತು. ಅವರು ನಿಲ್ಲದೇ ಇದ್ದಿದ್ದರೆ ಈ ಬುಟ್ಟಿಯೂ ಇಲ್ಲ, ನಮ್ಮ ದಾರಿಯೂ ಇಲ್ಲ.

ಅಘನಾಶಿನಿಯಿಂದ ತದಡಿಗೆ ದೋಣಿ. ಬೈಕುಗಳೂ ಹತ್ತುತ್ತವೆ, ಕಾರು ಹತ್ತುವುದಿಲ್ಲ. ಕಾರಿನವರು ಮಿರ್ಜಾನ್, ಹಿರೇಗುತ್ತಿ ಸುತ್ತಿಕೊಂಡೇ ಬರಬೇಕು. ನಮಗೆ ಕೆಲವೇ ನಿಮಿಷ. ದೋಣಿಯವರು ನಮ್ಮ ಬ್ಯಾಗು ನೋಡಿ ಕೇಳಿದರು.

“ಗಾಡಿ ಎಲ್ಲಿಟ್ರಿ ಅಕ್ಕಾ?”

“ಗಾಡಿ ಇಲ್ಲ ಅಣ್ಣಾ. ಕುಮಟಾದಿಂದ ನಡೆದೇ ಬಂದದ್ದು.”

“ಹೌದಾ! ನಮ್ಮ ಅಜ್ಜಿ ಶಿವರಾತ್ರಿಗೆ ಹೀಂಗೇ ಹೋಗ್ತಿದ್ಲು. ತಲೆ ಮೇಲೆ ಗಂಟು, ಕೈಯಲ್ಲಿ ಮೊಮ್ಮಕ್ಕಳು.”

ಅವರ ಮಾತು ಕೇಳಿ ಖುಷಿಯಾಯಿತು. ಈ ತಿಂಗಳ 26ಕ್ಕೆ ಶಿವರಾತ್ರಿ, ಆ ಹಬ್ಬದ ದಿನಗಳಲ್ಲೇ ಗೋಕರ್ಣದಲ್ಲಿ ತೇರು. ನಡೆದು ದೂರ ಹೋಗುವುದು ನಮಗೇನೂ ಹೊಸದಲ್ಲ. ಧರ್ಮಸ್ಥಳಕ್ಕೆ, ಶ್ರೀಶೈಲಕ್ಕೆ, ಪಂಢರಾಪುರಕ್ಕೆ ಜನ ಈಗಲೂ ನಡೆಯುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಲಾರಿ, ಬಸ್ಸುಗಳ ಪಕ್ಕದಲ್ಲೇ ಟಾರು ರಸ್ತೆಯ ಅಂಚಿನಲ್ಲಿ ನಡೆಯಬೇಕು. ಹಳೆಯ ಕಾಲುದಾರಿಗಳನ್ನೆಲ್ಲ ನಾವು ರಸ್ತೆಗೆ ಕೊಟ್ಟುಬಿಟ್ಟಿದ್ದೇವೆ. ಉಳಿದಿರುವ ಇಂಥ ಒಂದೆರಡನ್ನಾದರೂ ನಡೆಯುವವರಿಗೇ ಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತದಡಿ ಬಂದರಿನಿಂದ ಬೇಲೇಕಾನ್, ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಪ್ಯಾರಡೈಸ್ ಬೀಚು. ಅದಕ್ಕೆ ರಸ್ತೆಯೇ ಇಲ್ಲ. ನಡೆದು ಬರಬೇಕು, ಇಲ್ಲವೇ ದೋಣಿಯಲ್ಲಿ ಬರಬೇಕು. ದಾರಿಯುದ್ದಕ್ಕೂ ಇಷ್ಟು ತಣ್ಣಗಿನ ಜಾಗ ಇನ್ನೊಂದಿರಲಿಲ್ಲ. ಅಲ್ಲಿಂದ ಹಾಫ್ ಮೂನ್‌ವರೆಗಿನ ತುಂಡು ಮಾತ್ರ ಜಾಗ್ರತೆ. ಪಕ್ಕದಲ್ಲೇ ಕಡಿದು ಹೋದ ಬಂಡೆ, ಕೆಳಗೆ ತೆರೆ. ಒದ್ದೆ ಬಂಡೆಯ ಮೇಲೆ ಚಪ್ಪಲಿ ನಿಲ್ಲುವುದಿಲ್ಲ, ಒಳ್ಳೆ ಶೂ ಬೇಕು. ಮಳೆಗಾಲದಲ್ಲಿ ಈ ಕಡೆ ಬರಲೇಬಾರದು. ಕುಡಿಯುವ ನೀರನ್ನು ತದಡಿಯಲ್ಲೇ ತುಂಬಿಕೊಳ್ಳಿ. ಓಂ ಬೀಚಿಗೆ ಬಂದಾಗ ಹಾರ್ನು ಕೇಳಿಸಿತು. ಎರಡು ದಿನದಲ್ಲಿ ಮರೆತೇ ಹೋಗಿತ್ತು ಅದು. ಕುಡ್ಲೆ ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಗೋಕರ್ಣದ ರಥಬೀದಿ.

ಕಷ್ಟವಾದದ್ದು ಕೊನೆಯ ತುಂಡು. ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ಹತ್ತು ಕಿಲೋಮೀಟರಿನಷ್ಟು ದೂರ. ಮಾದನಗೇರಿವರೆಗೆ ಬಸ್ಸು ಸಿಕ್ಕಿತು, ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟಿನಲ್ಲಿ ಇಬ್ಬರೂ ಕೂತೆವು. ಅಲ್ಲಿಂದ ಆಟೋ. ರೈಲಿನ ವೇಳೆಗೆ ಸರಿಯಾಗಿ ಒಂದು ಮಿನಿ ಬಸ್ಸು ಸ್ಟೇಷನ್ನಿನವರೆಗೆ ಬಂದು ಹೋದರೆ ಎಷ್ಟು ಜನ ಕಾರು ಬಿಟ್ಟು ಬರುತ್ತಾರೆ! ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಗುಡ್ಡದ ಕವಲುಗಳಲ್ಲಿ ಕನ್ನಡದಲ್ಲಿ ಒಂದೊಂದು ದಾರಿ ಫಲಕ, ದೋಣಿಕಟ್ಟೆಯಲ್ಲಿ ಕೊನೆಯ ದೋಣಿಯ ವೇಳೆ, ಸ್ಟೇಷನ್ನಿನಲ್ಲಿ ಬಸ್ಸಿನ ವೇಳೆ. ಇಷ್ಟಿದ್ದರೆ ಸಾಕು. ರೆಸಾರ್ಟು, ಗಾಜಿನ ಸೇತುವೆ ಯಾವುದೂ ಬೇಡ.

ಪ್ಯಾಸೆಂಜರ್‌ನಲ್ಲಿ ಕೂತು ಅತ್ತಿಗೆ ಮುಂದಿನದ್ದನ್ನು ಆಗಲೇ ಲೆಕ್ಕ ಹಾಕಿದರು. ಬಿಸಿಲು ಜೋರಾಗುವ ಮೊದಲು ಹೊನ್ನಾವರದಲ್ಲಿ ಇಳಿದು, ಕರ್ಕಿ, ಹಳದೀಪುರ, ಧಾರೇಶ್ವರ ಹಿಡಿದು ಕುಮಟಾಕ್ಕೆ ಬಂದು ರೈಲು ಹತ್ತುವುದು. ಈ ಸಲ ಅಣ್ಣನನ್ನೂ ಕರೆದುಕೊಂಡು ಹೋಗುತ್ತಾರಂತೆ. ಕಾರಿನ ಬೀಗದ ಕೈ ಮನೆಯಲ್ಲೇ ಬಿಟ್ಟು ಬರಬೇಕು ಅನ್ನುವುದೊಂದೇ ಷರತ್ತು.